ಗರಡಿಯ ಮಣ್ಣು, ಕತ್ತಿವರಸೆಯ ಹೆಜ್ಜೆ: ಮೈಸೂರಿನ ಅಂಗಸಾಧನೆಯಲ್ಲಿ ಪಾದದ ಸ್ಥಾನ

ಮೈಸೂರಿನ ಅಂಗಸಾಧನೆಯ ಇತಿಹಾಸವನ್ನು ತೋಳ್ಬಲದ ಇತಿಹಾಸವೆಂದು ವರ್ಣಿಸುವ ರೂಢಿಯಿದ್ದರೂ, ನಗರದ ಗರಡಿಮನೆ, ಅರಮನೆಯ ಕಾಳಗದ ಕಣ ಹಾಗೂ ಯೋಗಶಾಲೆಗಳನ್ನು ಒಟ್ಟಿಗೆ ನೋಡಿದಾಗ, ಈ ಮೂರು ಸಾಧನೆಗಳಿಗೂ ಪಾದದ ನಿಲುವೇ ಬುನಾದಿಯಾಗಿತ್ತೆಂಬುದು ತಿಳಿಯುತ್ತದೆ.

ಗರಡಿಯ ಕಣದ ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಶಿನ, ಮಜ್ಜಿಗೆ ಮುಂತಾದವುಗಳನ್ನು ಬೆರೆಸಿ ಹದಗೊಳಿಸುವುದೂ, ಅಭ್ಯಾಸಕ್ಕೆ ಮುನ್ನ ಗುದ್ದಲಿಯಿಂದ ಅಗೆದು ಸಡಿಲಿಸುವುದೂ ಸಾಧಕರದೇ ಕೆಲಸ. ಇಂಥ ಮೆತ್ತನೆಯ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಬಸ್ಕಿ ಹೊಡೆಯುವಾಗ, ಅಂದರೆ ಮಂಡಿ ಮಡಿಸಿ ಕುಳಿತು ಏಳುವಾಗ, ಪಾದವು ಕ್ಷಣಕ್ಷಣವೂ ಸಮತೋಲವನ್ನು ಸರಿಪಡಿಸಿಕೊಳ್ಳಬೇಕಾಗುತ್ತದೆ.

ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ, ಜಟ್ಟಿ ಸಮುದಾಯದ ಮಲ್ಲರು ಮೊನೆಗಳುಳ್ಳ ಆಯುಧವನ್ನು ಮುಷ್ಟಿಗೆ ತೊಟ್ಟು ಎದುರಾಗುತ್ತಾರೆ. ಎದುರಾಳಿಯ ತಲೆಯಲ್ಲಿ ರಕ್ತ ಕಂಡೊಡನೆ ಕಾಳಗ ನಿಲ್ಲುವುದರಿಂದ, ನುಗ್ಗುವ ಹಾಗೂ ಹಿಂಜರಿಯುವ ಹೆಜ್ಜೆಯ ನಿಖರತೆಯೇ ಗೆಲುವನ್ನು ನಿರ್ಧರಿಸುತ್ತದೆ. ಈ ಸಮುದಾಯದವರು ತೆಲುಗು ನಾಡಿನಲ್ಲಿ ಮೈತಿಕ್ಕಿ ಲೇಪ ಹಚ್ಚಿ ನರನೋವು ಕಳೆಯುತ್ತಿದ್ದರೆಂದು ಎಡ್ಗರ್ ಥರ್ಸ್ಟನ್ 1909ರಲ್ಲಿ ದಾಖಲಿಸಿರುವುದನ್ನು ಗಮನಿಸಿದರೆ, ಸಾಧನೆಯೂ ಶುಶ್ರೂಷೆಯೂ ಒಂದೇ ಕೈಯಲ್ಲಿದ್ದುದು ವ್ಯಕ್ತವಾಗುತ್ತದೆ.

ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ ಎಂಬ ಕೃತಿಯಲ್ಲಿ 122 ಆಸನಗಳ ಚಿತ್ರಗಳಿದ್ದು, ಅವುಗಳಲ್ಲಿ ಗರಡಿಯ ಸಾಮಿನ ಛಾಯೆಯಿದೆಯೆಂದು ಎನ್. ಇ. ಶೋಮನ್ 1996ರ ಗ್ರಂಥದಲ್ಲಿ ವಾದಿಸಿದ್ದಾರೆ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರ ಪರಂಪರೆಯು, ಒಂಟಿಕಾಲಿನ ಆಸನಗಳ ಮೂಲಕ ಪಾದದ ಈ ನಿಲುವಿಗೆ ಉಸಿರಿನ ನಿಯಮವನ್ನು ಸೇರಿಸಿತು.

ಗರಡಿಯ ಬರಿಗಾಲಿನ, ಮೆತ್ತನೆಯ ನೆಲದ ಸಾಧನೆಗೆ ವ್ಯತಿರಿಕ್ತವಾಗಿ, ಇಂದಿನ ಕ್ರೀಡಾ ಕತ್ತಿವರಸೆ, ಅಂದರೆ ಫೆನ್ಸಿಂಗ್, ಬೂಟು ತೊಟ್ಟು 14 ಮೀಟರ್ ಉದ್ದದ ಗಟ್ಟಿ ಪಟ್ಟಿಯ ಮೇಲೆ ಆಡುವ ಆಟ. ಮುಂಗಾಲನ್ನು ದೂರಕ್ಕೆ ಚಾಚಿ ಎರಗುವ ‘ಲಂಜ್’ ಎಂಬ ಚಲನೆಯಲ್ಲಿ ಹಿಮ್ಮಡಿ ಮೊದಲು ನೆಲ ಮುಟ್ಟಿ, ಮೈಭಾರವು ಮುಂಗಾಲಿನ ಮೇಲೆ ಬೀಳುತ್ತದೆ. ಆಗ ಪಾದ ಒಳಮುಖವಾಗಿ ಹೊರಳಿದರೆ ಕಣಕಾಲಿನ ಹೊರಬದಿಯ ಅಸ್ಥಿರಜ್ಜುಗಳು, ಅಂದರೆ ಮೂಳೆಗಳನ್ನು ಬಂಧಿಸುವ ನಾರುಗಳು, ಹಿಗ್ಗಿ ಉಳುಕುತ್ತವೆ. ಉಳುಕು ವಾಸಿಯಾದ ಬಳಿಕವೂ ಕಾಲು ಮತ್ತೆ ಮತ್ತೆ ಹೊರಳುವುದಕ್ಕೆ, ಪಾದದ ಸ್ಥಿತಿಯನ್ನು ಮಿದುಳಿಗೆ ತಿಳಿಸುವ ನರತುದಿಗಳಿಗಾದ ಹಾನಿ ಕಾರಣವಿರಬೇಕೆಂದು ಎಂ. ಎ. ಆರ್. ಫ್ರೀಮನ್ ಮತ್ತು ಸಂಗಡಿಗರು 1965ರಲ್ಲಿ ಪ್ರತಿಪಾದಿಸಿ, ಓಲಾಡುವ ಹಲಗೆಯ ಮೇಲೆ ನಿಲ್ಲುವ ಅಭ್ಯಾಸವನ್ನು ಪರಿಹಾರವಾಗಿ ಸೂಚಿಸಿದರು. ಒಂಟಿಕಾಲಿನ ನಿಲುವು, ಬಳಿಕ ಕಣ್ಣು ಮುಚ್ಚಿದ ನಿಲುವು, ಕೊನೆಗೆ ಅಸ್ಥಿರ ಹಲಗೆಯ ಮೇಲೆ ಲಂಜ್ ಎಂಬ ಇಂದಿನ ತರಬೇತಿಯ ಕ್ರಮವು ಇದೇ ಚಿಂತನೆಯ ಮುಂದುವರಿಕೆ.

ಗರಡಿಯ ಉಸ್ತಾದರು ಕಣಕಾಲಿನ ರಕ್ಷಣೆಯನ್ನೇ ಗುರಿಯಾಗಿಸಿಕೊಂಡು ಮಣ್ಣನ್ನು ಹದಗೊಳಿಸಿದರೆಂದು ಹೇಳಲಾಗದು. ಆದರೂ ಮೆತ್ತನೆಯ ನೆಲ ಅಲ್ಲಿ ತಾನಾಗಿ ಕಲಿಸುತ್ತಿದ್ದುದನ್ನು ಗಟ್ಟಿ ನೆಲದ ಆಟಗಾರ ಪ್ರಜ್ಞಾಪೂರ್ವಕವಾಗಿ ಕಲಿಯಲೇಬೇಕು. ಆದ್ದರಿಂದ ಮೈಸೂರಿನಲ್ಲಿ ಕತ್ತಿವರಸೆ ಕಲಿಸುವವರು ಮಕ್ಕಳ ಕೈಗೆ ಕತ್ತಿ ಕೊಡುವ ಮೊದಲು ಅವರ ಪಾದಗಳನ್ನು ಸಿದ್ಧಗೊಳಿಸುವುದು, ಈ ನಗರದ ಪರಂಪರೆಗೂ ವಿಜ್ಞಾನಕ್ಕೂ ಒಪ್ಪುವ ಕರ್ತವ್ಯವಾಗಿದೆ.