ಪಡ್ರೆಯ ಸಾಕ್ಷ್ಯ: ಗಡಿಗ್ರಾಮವೊಂದರ ದೈನಂದಿನ ಪೌರಕ್ರಿಯೆ

ಚಳವಳಿಯ ಚರಿತ್ರೆಯೆಂದರೆ ಮೆರವಣಿಗೆ, ಉಪವಾಸ ಮತ್ತು ತೀರ್ಪುಗಳ ಚರಿತ್ರೆಯೆಂದು ಭಾವಿಸುವುದು ರೂಢಿ. ಕಾಸರಗೋಡಿನ ಕನ್ನಡಿಗರನ್ನು ಕುರಿತ ಬರವಣಿಗೆಯೂ ಬಹುಮಟ್ಟಿಗೆ ಈ ರೂಢಿಯನ್ನೇ ಅನುಸರಿಸಿದೆ. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿದ್ದು, 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿದ್ದು, ಆ ಶಿಫಾರಸು ಜಾರಿಗೆ ಬಾರದೆ ಉಳಿದದ್ದು: ಕಥನವು ಈ ಮೂರು ಕಂಬಗಳ ಮೇಲೆ ನಿಂತಿದೆ. ಅದೇ ಅವಧಿಯ ಇನ್ನೊಂದು ಚರಿತ್ರೆ ಈ ಕಂಬಗಳ ನಡುವೆ ಕಾಣದೆ ಹೋಗಿದೆ. ಜನರು ತಮ್ಮ ಸುತ್ತ ನಡೆಯುವುದನ್ನು ಗಮನಿಸುವುದು, ಬರೆದಿಡುವುದು, ಕಚೇರಿಗೆ ಅರ್ಜಿ ಸಲ್ಲಿಸಿ ಉತ್ತರಕ್ಕಾಗಿ ಕಾಯುವುದು, ಉತ್ತರ ಬಾರದಿದ್ದಾಗ ಮತ್ತೆ ಬರೆಯುವುದು: ಇವೇ ಆ ಚರಿತ್ರೆಯ ಘಟನೆಗಳು. ಎಣ್ಮಕಜೆ ಪಂಚಾಯತಿಗೆ ಸೇರಿದ ಪಡ್ರೆ ಗ್ರಾಮದ ಎಂಡೋಸಲ್ಫಾನ್ ಪ್ರಕರಣವು ಅಂತಹ ಕೆಲಸದ ಮಹತ್ತ್ವವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ.

ಕೇರಳ ಸರ್ಕಾರದ ಅಧೀನದ ಪ್ಲಾಂಟೇಶನ್ ಕಾರ್ಪೊರೇಶನ್ ಕಾಸರಗೋಡಿನ ಗುಡ್ಡಗಳಲ್ಲಿ ಸಾವಿರಾರು ಹೆಕ್ಟೇರ್ ಗೇರುತೋಟಗಳನ್ನು ಬೆಳೆಸಿತ್ತು. ಚಿಗುರು ಮತ್ತು ಹೂವನ್ನು ಕೆಡಿಸುವ ಟೀ ಸೊಳ್ಳೆಯ ನಿಯಂತ್ರಣಕ್ಕಾಗಿ 1970ರ ದಶಕದ ಕೊನೆಯಿಂದ 2000ದ ಡಿಸೆಂಬರ್‌ವರೆಗೆ ಈ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟಗಳು ಗುಡ್ಡದ ನೆತ್ತಿಯಲ್ಲಿ, ಮನೆ ಮತ್ತು ಅಡಿಕೆ ತೋಟಗಳು ಕೆಳಗಿನ ಕಣಿವೆಯಲ್ಲಿ. ವೈಮಾನಿಕ ಸಿಂಪಡಣೆಯ ಬಗ್ಗೆ ಕನಿಷ್ಠ 24 ಗಂಟೆ ಮುಂಚಿತವಾಗಿ ಸಾರ್ವಜನಿಕರಿಗೆ ತಿಳಿಸಬೇಕೆಂದು 1971ರ ಕೀಟನಾಶಕ ನಿಯಮಾವಳಿ ವಿಧಿಸುತ್ತದೆ. ಬಾವಿಗಳನ್ನು ಮುಚ್ಚಿಕೊಳ್ಳಬೇಕೆಂಬ ಸೂಚನೆಯೂ ಇತ್ತು. ಆದರೆ ಈ ಭಾಗದ ನೀರಿನ ವ್ಯವಸ್ಥೆಯೇ ಬೇರೆ. ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ಹರಿದುಬರುವ ನೀರನ್ನು, ಕೊಡೆಂಕೀರಿಯಂತಹ ತೋಡುಗಳ ನೀರನ್ನು ಜನ ಆಶ್ರಯಿಸಿದ್ದರು. ಬಾವಿಗೆ ಮುಚ್ಚಳ ಹಾಕಬಹುದು. ಹರಿಯುವ ತೋಡಿಗೆ ಮುಚ್ಚಳವೆಲ್ಲಿಯದು? ನಿಯಮ ಬರೆದವರಿಗೆ ಹೊಳೆಯದ ಈ ಪ್ರಶ್ನೆ ಊರಿನಲ್ಲಿ ಬದುಕುವವರಿಗೆ ಮಾತ್ರ ಹೊಳೆಯುವಂಥದು.

ಮೊದಲ ಸಾಕ್ಷ್ಯ ದೊರೆತದ್ದು ಕೊಟ್ಟಿಗೆಯಲ್ಲಿ. 1979ರಲ್ಲಿ ಪಡ್ರೆಯ ಕೃಷಿಕರೊಬ್ಬರ ಮನೆಯಲ್ಲಿ ಕಾಲುಗಳು ವಿರೂಪಗೊಂಡ ಕರುಗಳು ಹುಟ್ಟಿದವು. ಮುಂದೆ ‘ಅಡಿಕೆ ಪತ್ರಿಕೆ’ಯ ಸಂಪಾದಕರಾಗಿ ಹೆಸರಾದ, ಅದೇ ಊರಿನ ಕೃಷಿಕ-ಪತ್ರಕರ್ತ ಶ್ರೀ ಪಡ್ರೆಯವರು ಇದನ್ನು ಸಿಂಪಡಣೆಯೊಂದಿಗೆ ಜೋಡಿಸಿ 1980ರ ದಶಕದ ಆರಂಭದಲ್ಲಿಯೇ ಬರೆದರು. 1982ರಲ್ಲಿ ಅಲ್ಲಿ ವೈದ್ಯವೃತ್ತಿ ಆರಂಭಿಸಿದ ಡಾ. ವೈ. ಎಸ್. ಮೋಹನ ಕುಮಾರ್ ಅವರ ಗಮನಕ್ಕೆ ಬಂದದ್ದು ಮತ್ತೊಂದು ವಿಚಿತ್ರ: ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನಿಂದಲೇ ಬಂದ ಅಂಗವೈಕಲ್ಯ, ಕ್ಯಾನ್ಸರ್ ಮೊದಲಾದವು ಒಂದು ಸಣ್ಣ ವಲಯದಲ್ಲಿ, ಅದರಲ್ಲೂ ತೋಡಿನ ಬದಿಯ ಮನೆಗಳಲ್ಲಿ, ಅಸಾಧಾರಣವಾಗಿ ಹೆಚ್ಚಾಗಿದ್ದವು. ಅವರು ಮನೆಮನೆಯ ವಿವರಗಳನ್ನು ಕಲೆಹಾಕಿದರು. 1990ರ ದಶಕದಲ್ಲಿ ಸಹವೈದ್ಯರ ಗಮನ ಕೋರಿ ವೈದ್ಯಕೀಯ ನಿಯತಕಾಲಿಕೆಗೆ ಬರೆದರು. ಜಿಲ್ಲೆಯ ದಕ್ಷಿಣದ ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ ಅರ್ಜಿಗಳಿಂದ ಫಲ ಕಾಣದೆ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಿಂದ ಸಿಂಪಡಣೆಗೆ ತಡೆಯಾಜ್ಞೆ ತಂದರು. ಇವರಲ್ಲಿ ಯಾರೂ ವೃತ್ತಿಯಿಂದ ಹೋರಾಟಗಾರರಲ್ಲ. ಕೃಷಿಕ, ವೈದ್ಯ, ಇಲಾಖೆಯ ನೌಕರೆ ತಂತಮ್ಮ ಕೆಲಸವನ್ನು ಸರಿಯಾಗಿ ಮಾಡಹೊರಟಾಗ ಎದುರಾದ ಪ್ರಶ್ನೆಯನ್ನು ಬಿಡಲೊಪ್ಪದವರು ಅವರು.

ಈ ಕೆಲಸಕ್ಕೆ ಗಡಿನಾಡಿಗೇ ವಿಶಿಷ್ಟವಾದ ಒಂದು ಮುಖವಿದೆ. ಪಡ್ರೆಯ ಪರಿಸರದ ಮನೆಮಾತು ಹೆಚ್ಚಾಗಿ ತುಳು. ಶಾಲೆ ಮತ್ತು ಓದುಬರಹದ ಭಾಷೆ ಕನ್ನಡ. ಆಡಳಿತದ ಭಾಷೆ ಮಲಯಾಳ. ಪ್ರಯೋಗಾಲಯ ಮತ್ತು ಮೇಲಿನ ನ್ಯಾಯಾಲಯಗಳ ಭಾಷೆ ಇಂಗ್ಲಿಷ್. ತಾಯಿಯೊಬ್ಬಳು ತುಳುವಿನಲ್ಲಿ ಹೇಳಿದ ಸಂಕಟವು ಸಾಕ್ಷ್ಯವೆನಿಸಿಕೊಳ್ಳಬೇಕಾದರೆ ಇಷ್ಟೂ ಮೆಟ್ಟಿಲುಗಳನ್ನು ಹತ್ತಬೇಕು. ಪ್ರತಿ ಮೆಟ್ಟಿಲಿನಲ್ಲೂ ಅನುವಾದಿಸುವವರೊಬ್ಬರು ಬೇಕು. ಅನುವಾದವನ್ನು ಸಾಹಿತ್ಯಕ ವ್ಯವಹಾರವಾಗಿ ನೋಡುವ ನಮ್ಮ ವಿದ್ವತ್ತು ಅದು ಇಲ್ಲಿ ಪೌರಕರ್ತವ್ಯವಾಗಿ ನಡೆದುದನ್ನು ಗುರುತಿಸಿದ್ದು ಕಡಿಮೆ. ವೈದ್ಯರು ರೋಗಿಯ ಮಾತನ್ನು ಪ್ರಕರಣದ ಟಿಪ್ಪಣಿಯಾಗಿಸಿದ್ದೂ ಪತ್ರಕರ್ತರು ಊರಿನ ಆತಂಕವನ್ನು ಹೊರಗಿನ ಓದುಗರಿಗೆ ಮುಟ್ಟಿಸಿದ್ದೂ ಈ ಅರ್ಥದಲ್ಲಿ ಅನುವಾದವೇ.

ಕಾನೂನು ಈ ಹೊರೆಯನ್ನು ಸ್ವಲ್ಪ ಇಳಿಸುತ್ತದೆ, ಆದರೆ ಒಂದು ಷರತ್ತಿನೊಂದಿಗೆ. ಸಂವಿಧಾನದ 350ನೆಯ ವಿಧಿಯ ಪ್ರಕಾರ ಯಾವುದೇ ವ್ಯಕ್ತಿ ತನ್ನ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸಚಿವಾಲಯ ಮತ್ತು ಇಲಾಖಾ ಮುಖ್ಯಸ್ಥರ ಕಚೇರಿಗಳೊಂದಿಗೆ, ಹಾಗೆಯೇ ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದೆಡೆಯ ಸ್ಥಳೀಯ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಉತ್ತರದ ಭಾಷೆಯನ್ನು ನಿರ್ಧರಿಸುವುದು ಪತ್ರದ ಭಾಷೆ. ಪತ್ರವೇ ಹೋಗದಿದ್ದರೆ ಹಕ್ಕು ಕಾಯಿದೆಯ ಪುಟದಲ್ಲಿ ನಿದ್ರಿಸುತ್ತಿರುತ್ತದೆ. ಕನ್ನಡದಲ್ಲಿ ಬರೆದು ಸ್ವೀಕೃತಿ ಪಡೆಯುವುದು ಭಾವುಕ ಭಾಷಾಭಿಮಾನವಲ್ಲ, ಹಕ್ಕನ್ನು ಜೀವಂತವಾಗಿಡುವ ಏಕೈಕ ವಿಧಾನ. ತುಳುವಿಗಾದರೋ ಈ ಆಸರೆಯೂ ಇಲ್ಲ. ಆದ್ದರಿಂದ ತುಳು ಮಾತನಾಡುವವರ ದೂರನ್ನು ಕನ್ನಡಕ್ಕಿಳಿಸುವ ಅಕ್ಷರಸ್ಥ ನೆರೆಯವನ ಹೊಣೆ ಇನ್ನೂ ದೊಡ್ಡದು.

ಇಷ್ಟು ಕಾಲ ಕೂಡಿಟ್ಟ ವಿವರಗಳು ಉಪಯೋಗಕ್ಕೆ ಬಂದದ್ದು 2001ರಲ್ಲಿ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ರಕ್ತ, ಎದೆಹಾಲು, ನೀರು, ಮಣ್ಣಿನ ಮಾದರಿಗಳಲ್ಲಿ ಎಂಡೋಸಲ್ಫಾನಿನ ಹೆಚ್ಚಿನ ಅಂಶವನ್ನು ವರದಿ ಮಾಡಿತು. ಕಾರ್ಪೊರೇಶನ್ ನಿಯೋಜಿಸಿದ ಅಧ್ಯಯನವು ಇದಕ್ಕೆ ವ್ಯತಿರಿಕ್ತವಾದ ಫಲಿತಾಂಶವನ್ನು ಮುಂದಿಟ್ಟಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಕೋರಿಕೆಯಂತೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಮಕ್ಕಳನ್ನು ಸಿಂಪಡಣೆಯಿಲ್ಲದ ಮೀಂಜದ ಮಕ್ಕಳೊಂದಿಗೆ ಹೋಲಿಸಿತು. ಕಲಿಕೆಯ ತೊಂದರೆ, ಜನ್ಮಜಾತ ವೈಕಲ್ಯ ಮೊದಲಾದವು ಪಡ್ರೆಯಲ್ಲಿ ಹೆಚ್ಚಾಗಿವೆ ಎಂಬುದು 2002ರ ಅದರ ವರದಿಯ ನಿಲುವು. ಪ್ರತಿಯೊಂದು ರೋಗಕ್ಕೂ ಎಂಡೋಸಲ್ಫಾನೇ ಕಾರಣವೇ ಎಂಬ ವೈಜ್ಞಾನಿಕ ವಿವಾದ ಇಂದಿಗೂ ಮುಗಿದಿಲ್ಲ. ಆದರೆ ಪಡ್ರೆಯನ್ನು ಮೀಂಜದೊಡನೆ ಹೋಲಿಸಿ ನೋಡಬೇಕೆಂಬ ಅಗತ್ಯವನ್ನು ಸೃಷ್ಟಿಸಿದ್ದು ಪ್ರಯೋಗಾಲಯವಲ್ಲ, ಊರು. 2011ರ ಏಪ್ರಿಲಿನಲ್ಲಿ ಎಂಡೋಸಲ್ಫಾನ್ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಸೇರಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ ಮತ್ತು ಬಳಕೆಯನ್ನು ತಡೆಯಿತು.

ಈ ಕಥೆಯನ್ನು ಕನ್ನಡ ಅಲ್ಪಸಂಖ್ಯಾತರ ಅವಗಣನೆಯ ಕಥೆಯಾಗಿ ಮಾತ್ರ ಓದುವುದು ಸುಲಭ. ಆದರೆ ಅದು ಪೂರ್ಣಸತ್ಯವಲ್ಲ. ಗಡಿಯ ಈಚೆ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಕರ್ನಾಟಕದ್ದೇ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೂ ಇದೇ ವಿಷ ಸುರಿಯಿತು. ಆ ಜನರು ತಮ್ಮದೇ ಭಾಷೆಯ ರಾಜ್ಯದಲ್ಲಿದ್ದರು. ಆದರೂ ಕರ್ನಾಟಕ ಸರ್ಕಾರ ನಿಷೇಧಕ್ಕೆ ಮುಂದಾದದ್ದು 2011ರ ಫೆಬ್ರವರಿಯಲ್ಲಿ. ಆಳುವವರ ಭಾಷೆ ತನ್ನದೇ ಆಗಿದ್ದ ಮಾತ್ರಕ್ಕೆ ಪ್ರಜೆಯ ಮಾತು ಕೇಳಿಸುವುದಿಲ್ಲ. ಅದನ್ನು ಕೇಳಿಸುವ ಕೆಲಸ ಎರಡೂ ಕಡೆ ಒಂದೇ. ಪೆರಿಯದ ಮಲಯಾಳಿ ಮಹಿಳೆ ಮತ್ತು ಪಡ್ರೆಯ ಕನ್ನಡಿಗ ವೈದ್ಯರು ಒಂದೇ ಸಾಕ್ಷ್ಯಕ್ಕೆ ಎರಡು ದಿಕ್ಕಿನಿಂದ ಬಂದರೆಂಬುದನ್ನೂ ಮರೆಯುವಂತಿಲ್ಲ.

ದೈನಂದಿನ ಪೌರಕ್ರಿಯೆಯನ್ನು ವೈಭವೀಕರಿಸುವುದೂ ತಪ್ಪಾದೀತು. ಕೊಟ್ಟಿಗೆಯ ಕರುವಿನಿಂದ ಕೊನೆಯ ಹೆಲಿಕಾಪ್ಟರಿನವರೆಗೆ 21 ವರ್ಷ ಕಳೆದವು. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಹುಟ್ಟಿ ಬೆಳೆದಿದ್ದರು. ಪ್ರತಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳಲ್ಲಿ ಕೊಡಬೇಕೆಂದು 2017ರ ಜನವರಿ 10ರಂದು ಸುಪ್ರೀಂ ಕೋರ್ಟ್ ಆದೇಶಿಸಿದರೂ 2019ರಲ್ಲಿ ತಾಯಂದಿರು ತಿರುವನಂತಪುರದ ಸಚಿವಾಲಯದ ಮುಂದೆ ಕೂರಬೇಕಾಯಿತು; ಆದೇಶದ ಪಾಲನೆಯಾಗದ್ದನ್ನು 2022ರಲ್ಲಿ ನ್ಯಾಯಾಲಯವೇ ಟೀಕಿಸಬೇಕಾಯಿತು. ಹಾಸಿಗೆ ಹಿಡಿದ ಮಗುವಿನ ತಾಯಿಯೇ ಪ್ರಮಾಣಪತ್ರ, ಪಟ್ಟಿ, ಶಿಬಿರಗಳ ಬೆನ್ನು ಹತ್ತಬೇಕಾದ ಸ್ಥಿತಿಯನ್ನು ಜಾಗೃತ ಪೌರತ್ವವೆಂದು ಹೊಗಳುವುದು ಪ್ರಭುತ್ವದ ಲೋಪಕ್ಕೆ ಮುಸುಕು ಹಾಕಿದಂತೆ. ಈ ಕಾರಣಕ್ಕಾಗಿಯೇ ಆ ಕೆಲಸ ಹಲವರಲ್ಲಿ ಹಂಚಿಹೋಗಬೇಕು. ಕೇರಳದ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ವಾರ್ಡಿನ ಗ್ರಾಮಸಭೆ ಮೂರು ತಿಂಗಳಿಗೊಮ್ಮೆ ಸೇರಬೇಕು. ಮತದಾರರಲ್ಲಿ ಹತ್ತನೆಯ ಒಂದು ಭಾಗ ಹಾಜರಿರಬೇಕು. ಉಳಿದ ಒಂಬತ್ತು ಭಾಗ ಮನೆಯಲ್ಲಿ ಕುಳಿತಾಗ ಹೊರೆ ಬೀಳುವುದು ಅದನ್ನು ಹೊರಲಾರದವರ ಮೇಲೆಯೇ.

ಸಂಶೋಧಕರ ಪಾಲಿಗೂ ಇಲ್ಲಿ ಒಂದು ಕೆಲಸ ಉಳಿದಿದೆ. ತೀರ್ಪುಗಳೂ ಆಯೋಗಗಳ ವರದಿಗಳೂ ಗ್ರಂಥಾಲಯಗಳಲ್ಲಿ ಸುರಕ್ಷಿತವಾಗಿವೆ. ಅವನ್ನು ಸಾಧ್ಯವಾಗಿಸಿದ ಅರ್ಜಿಯ ನಕಲುಗಳು, ಸ್ವೀಕೃತಿಚೀಟಿಗಳು, ರೋಗಿಗಳ ವಿವರಗಳು, ಗ್ರಾಮಸಭೆಯ ನಡವಳಿಗಳು ಮನೆಗಳ ಕಪಾಟುಗಳಲ್ಲಿ ಮಲೆನಾಡಂಚಿನ ಮಳೆಗೂ ಗೆದ್ದಲಿಗೂ ಈಡಾಗುತ್ತಿವೆ. ಗಡಿನಾಡಿನ ಕನ್ನಡದ ಆಕರಗಳೆಂದರೆ ಶಾಸನ, ತಾಳೆಗರಿ, ಯಕ್ಷಗಾನ ಪ್ರಸಂಗಗಳಷ್ಟೇ ಅಲ್ಲ. ಸರ್ಕಾರವೊಂದನ್ನು ಉತ್ತರಿಸುವಂತೆ ಮಾಡಿದ ಈ ಸಾಧಾರಣ ಗದ್ಯವೂ ಆಕರವೇ. ಅದನ್ನು ಕಲೆಹಾಕಿ, ಖಾಸಗಿ ವಿವರಗಳ ಗೌಪ್ಯತೆ ಕಾಪಾಡಿ, ವರ್ಗೀಕರಿಸಿಡುವ ಕೆಲಸ ಬರೆದವರು ಬದುಕಿರುವಾಗಲೇ ಆರಂಭವಾಗಬೇಕು.