ಹಲ್ಲಿನ ಸೇತುವೆಯ ಕಥೆ



ಹೊಳೆನರಸೀಪುರದಲ್ಲಿ ಹೇಮಾವತಿಯ ಮೇಲಿನ ಸೇತುವೆಯನ್ನು ನಿಮ್ಮಲ್ಲಿ ಹಲವರು ದಾಟಿರಬಹುದು. ಸೇತುವೆ ಎಷ್ಟೇ ಗಟ್ಟಿಯಾಗಿರಲಿ, ಅದರ ಭಾರವೆಲ್ಲ ಕೆಳಗಿನ ಆಧಾರಗಳ ಮೇಲೆ. ಬಾಯಿಯೊಳಗೆ ಕಟ್ಟುವ ಸೇತುವೆಯೂ ಹಾಗೆಯೇ. ಬಿದ್ದುಹೋದ ಹಲ್ಲಿನ ಅಕ್ಕಪಕ್ಕದ ಹಲ್ಲುಗಳನ್ನು ತುಸು ಅರೆದು, ಅವಕ್ಕೆ ಟೋಪಿಯಂತಹ ಕವಚ ತೊಡಿಸಿ, ಆ ಕವಚಗಳ ನಡುವೆ ಕೃತಕ ಹಲ್ಲನ್ನು ಕೂಡಿಸುತ್ತಾರೆ. ದಂತವೈದ್ಯರು ಇದಕ್ಕೆ ‘ಬ್ರಿಜ್’ ಎನ್ನುತ್ತಾರೆ. ಇದು ಇತ್ತೀಚಿನ ಉಪಾಯವೆಂದು ನೀವು ಭಾವಿಸಬಹುದು. ಆದರೆ ಇದರ ಮೂಲ ಬಹಳ ಹಿಂದಿನದು.

ಕ್ರಿಸ್ತಪೂರ್ವ 7ನೆಯ ಶತಮಾನದ ವೇಳೆಗೇ ಇಟಲಿಯ ಎಟ್ರುಸ್ಕನ್ನರು ಚಿನ್ನದ ಪಟ್ಟಿಯಿಂದ ಕೃತಕ ಹಲ್ಲನ್ನು ಪಕ್ಕದ ಹಲ್ಲುಗಳಿಗೆ ಬಿಗಿಯುತ್ತಿದ್ದರು. ಇಂದಿನ ಲೆಬನಾನಿನ ಸೈಡನ್ ನಗರದ ಬಳಿ ದೊರೆತ ಪುರಾತನ ದವಡೆಯೊಂದರಲ್ಲಿ ಚಿನ್ನದ ತಂತಿಯಿಂದ ಹೆಣೆದ ಹಲ್ಲುಗಳಿದ್ದವು. ಅವುಗಳಲ್ಲಿ ಎರಡು ಬೇರೊಬ್ಬರ ಹಲ್ಲುಗಳು! ಚಿನ್ನ ಕೊಳ್ಳಬಲ್ಲವರಿಗೆ ಮಾತ್ರ ಇಂತಹ ಹಲ್ಲು ದಕ್ಕುತ್ತಿತ್ತು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಮುಂದೆಯೂ ಈ ಅಂತರ ಉಳಿಯಿತು. 1728ರಲ್ಲಿ ಫ್ರಾನ್ಸಿನ ಪಿಯೆರ್ ಫೋಶಾರ್ ದಂತವೈದ್ಯವನ್ನು ಶಾಸ್ತ್ರವಾಗಿ ನಿರೂಪಿಸಿ ಗ್ರಂಥ ಬರೆದನು. ಆದರೂ ಶ್ರೀಮಂತರ ಬಾಯಿಗೆ ಬೇಕಾದ ಹಲ್ಲುಗಳು ಅನೇಕ ವೇಳೆ ಬಡವರ ಬಾಯಿಂದ ಬರುತ್ತಿದ್ದವು. 1815ರ ವಾಟರ್ಲೂ ಯುದ್ಧದಲ್ಲಿ ಮಡಿದ ಸೈನಿಕರ ಹಲ್ಲುಗಳನ್ನೂ ಕಿತ್ತು ಮಾರಿದರು. ಪಿಂಗಾಣಿಯ ಹಲ್ಲುಗಳು ಬಳಕೆಗೆ ಬಂದ ಮೇಲೆ ಈ ವ್ಯಾಪಾರ ಕ್ರಮೇಣ ನಿಂತಿತು.

ನಮ್ಮ ನಾಡಿಗೆ ಪರಿಚಿತವಾದ ಒಂದು ವಿದ್ಯೆಯೂ ಈ ಕಥೆಯಲ್ಲಿ ಸೇರಿದೆ. 12ನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಲೋಹದ ವಿಗ್ರಹ ಎರೆಯುವ ಕ್ರಮದ ವಿವರಣೆಯಿದೆ. ಮೊದಲು ಮೇಣದ ಮೂರ್ತಿ ಮಾಡಿ, ಅದಕ್ಕೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಬರಿದಾದ ಜಾಗಕ್ಕೆ ಕರಗಿದ ಲೋಹ ಹೊಯ್ಯುವುದು. ಜಗತ್ತಿನ ಹಲವೆಡೆ ಬಳಕೆಯಲ್ಲಿದ್ದ ಇದೇ ತತ್ತ್ವವನ್ನು ಅಮೆರಿಕದ ವಿಲಿಯಂ ಟ್ಯಾಗರ್ಟ್ 1907ರಲ್ಲಿ ದಂತವೈದ್ಯಕ್ಕೆ ಒಗ್ಗಿಸಿದನು. ಹಲ್ಲಿಗೆ ಕರಾರುವಾಕ್ಕಾಗಿ ಕೂರುವ ಲೋಹದ ಕವಚ, ಸೇತುವೆಗಳನ್ನು ಎರೆಯಲು ಇದರಿಂದ ಸಾಧ್ಯವಾಯಿತು.

ಇನ್ನು ನಮ್ಮ ಸೀಮೆಯ ಮಾತು. ಬೆಂಗಳೂರಿನಲ್ಲಿ ಸರ್ಕಾರಿ ದಂತವೈದ್ಯ ಕಾಲೇಜು ಆರಂಭವಾದದ್ದು 1958ರಲ್ಲಿ. ಇಂದು ಹಾಸನದಲ್ಲೇ ಹಾಸನಾಂಬ ದಂತವೈದ್ಯ ಕಾಲೇಜಿದೆ. 2014ರಲ್ಲಿ ರಾಜ್ಯ ಸರ್ಕಾರ ‘ದಂತಭಾಗ್ಯ’ ಯೋಜನೆಯ ಮೂಲಕ ಬಡ ವೃದ್ಧರಿಗೆ ಉಚಿತ ದಂತಪಂಕ್ತಿ ನೀಡಲು ಮುಂದಾಯಿತು. ಆದರೆ ಅದು ತೆಗೆದು ಹಾಕುವ ಹಲ್ಲಿನ ಕಟ್ಟು, ಸೇತುವೆಯಲ್ಲ. ಎಲ್ಲ ಹಲ್ಲೂ ಹೋದವರಿಗೆ ಸೇತುವೆ ಕಟ್ಟಲು ಆಧಾರವಾದರೂ ಎಲ್ಲಿ?

ಮುದ್ದೆಯನ್ನು ಅಗಿಯದೆ ನುಂಗುವ ನಮ್ಮಲ್ಲಿ ಒಂದು ಹಲ್ಲು ಹೋದರೆ ಊಟ ನಿಲ್ಲುವುದಿಲ್ಲ. ಆದ್ದರಿಂದಲೇ ಉದಾಸೀನವೂ ಸುಲಭ. ಆದರೆ ಖಾಲಿ ಜಾಗದತ್ತ ಪಕ್ಕದ ಹಲ್ಲುಗಳು ವಾಲುತ್ತವೆ, ಎದುರಿನ ಹಲ್ಲು ಇಳಿದು ಬರುತ್ತದೆ, ಸಂದಿಯಲ್ಲಿ ಅನ್ನ ಸಿಕ್ಕಿ ಹುಳುಕು ಹಿಡಿಯುತ್ತದೆ. ಒಂದು ಹಲ್ಲಿನ ನಷ್ಟ ಮೂರಕ್ಕೆ ಮುಟ್ಟುವುದು ಹೀಗೆ.

1965ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ದವಡೆಯ ಮೂಳೆಗೇ ಟೈಟಾನಿಯಂ ತಿರುಪು ಕೂರಿಸಿ, ನೆರೆಹಲ್ಲಿನ ಹಂಗಿಲ್ಲದೆ ಹಲ್ಲು ಕಟ್ಟುವ ದಾರಿ ತೆರೆದನು. ಅದು ಇಂದಿಗೂ ದುಬಾರಿಯೇ. ಆದುದರಿಂದ ಮನೆಯ ಹಿರಿಯರು ನೋವೆಂದು ಹಲ್ಲು ಕೀಳಿಸಲು ಹೊರಟಾಗ, ‘ಇದನ್ನು ಉಳಿಸಬಹುದೇ?’ ಎಂದು ವೈದ್ಯರನ್ನು ಮೊದಲು ಕೇಳಿರಿ. ಚಿನ್ನದ ತಂತಿಯ ಕಾಲದಿಂದ ಇಂದಿನವರೆಗೆ ಹಲ್ಲಿನ ಸೇತುವೆಯನ್ನು ಹೊತ್ತಿರುವುದು ಉಳಿದ ಹಲ್ಲುಗಳೇ.