ವಲಸೆ ಕಾರ್ಮಿಕರ ಹಣ ಮತ್ತು ನೇಪಾಳದ ವಿನಿಮಯ ದರ

ಹೊರದೇಶಗಳಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ ನೇಪಾಳದ ಒಟ್ಟು ಆಂತರಿಕ ಉತ್ಪನ್ನದ ಸುಮಾರು ಕಾಲುಭಾಗಕ್ಕೆ ಸಮ. ಕತಾರ್, ಸೌದಿ ಅರೇಬಿಯ, ಯುಎಇ, ಮಲೇಷ್ಯ ಮತ್ತು ಭಾರತ ಇದರ ಮುಖ್ಯ ಮೂಲಗಳು. ದರವನ್ನು ಮಾರುಕಟ್ಟೆಗೆ ಬಿಟ್ಟಿರುವ ಫಿಲಿಪ್ಪೀನ್ಸ್‌ನಂಥ ದೇಶದಲ್ಲಿ ಇಂಥ ಹಣ ಹೆಚ್ಚಿದಾಗ ಡಾಲರ್ ಪೂರೈಕೆ ಹೆಚ್ಚಿ ಸ್ಥಳೀಯ ನಾಣ್ಯ ಬಲಗೊಳ್ಳುತ್ತದೆ. ನೇಪಾಳದಲ್ಲಿ ಹಾಗಾಗುವುದಿಲ್ಲ. ಅಲ್ಲಿನ ರೂಪಾಯಿಯನ್ನು 1993ರಿಂದ ಭಾರತದ ರೂಪಾಯಿಗೆ ಕಟ್ಟಿಹಾಕಲಾಗಿದೆ: ಭಾರತದ 100 ರೂಪಾಯಿಗೆ ನೇಪಾಳದ 160.

ಇದರಿಂದ ಒಂದು ವಿಚಿತ್ರ ಸ್ಥಿತಿ ಹುಟ್ಟಿದೆ. ಕತಾರಿನ ರಿಯಾಲ್ ಡಾಲರಿಗೆ 3.64ರಂತೆ ನಿಗದಿಯಾಗಿದೆ. ದೋಹಾದ ಕಟ್ಟಡ ಕಾರ್ಮಿಕನೊಬ್ಬ 1,000 ರಿಯಾಲ್ ಕಳಿಸಿದರೆ ಅದು ಸುಮಾರು 275 ಡಾಲರ್. ಡಾಲರಿಗೆ ಭಾರತದ 70 ರೂಪಾಯಿ ಇದ್ದಾಗ ಅವನ ಮನೆಗೆ ಸೇರುವುದು ನೇಪಾಳದ ಸುಮಾರು 30,800 ರೂಪಾಯಿ. 80 ಇದ್ದಾಗ ಸುಮಾರು 35,200. ಅವನ ಮನೆಯವರ ಕೈಸೇರುವ ಮೊತ್ತವನ್ನು ದೋಹಾ, ಕಠ್ಮಂಡುಗಳಿಗಿಂತ ಭಾರತದ ವಿದೇಶಿ ವಿನಿಮಯ ಪೇಟೆಯೇ ನಿರ್ಧರಿಸುತ್ತದೆ. ಬೆಂಗಳೂರಿನ ಹೋಟೆಲುಗಳಲ್ಲಿ ದುಡಿದು ಭಾರತದ ರೂಪಾಯಿಯಲ್ಲೇ ಗಳಿಸುವ ನೇಪಾಳಿಗರಿಗಾದರೋ ಡಾಲರಿನ ಏರಿಳಿತ ತಟ್ಟುವುದಿಲ್ಲ.

ಘೋಷಿತ ದರ ಕದಲದಿದ್ದರೂ ನೈಜ ವಿನಿಮಯ ದರ, ಅಂದರೆ ಒಳನಾಡಿನ ಬೆಲೆಗಳನ್ನು ಹೊರನಾಡಿನವುಗಳೊಂದಿಗೆ ಹೋಲಿಸಿ ಲೆಕ್ಕ ಹಾಕಿದ ದರ, ಬದಲಾಗುತ್ತದೆ. ಬಂದ ಹಣ ನಿವೇಶನ, ಮನೆ ಕಟ್ಟುವುದು, ಮಕ್ಕಳ ಶಾಲೆ, ಆಸ್ಪತ್ರೆಗಳಿಗೆ ಖರ್ಚಾಗುತ್ತದೆ. ಇವನ್ನು ಆಮದು ಮಾಡಿಕೊಳ್ಳಲಾಗದು. ಹಾಗಾಗಿ ಇವುಗಳ ಬೆಲೆ ಏರುತ್ತದೆ. ಊರಲ್ಲಿ ಆಳುಗಳು ಸಿಗದೆ ಕೂಲಿಯೂ ಏರುತ್ತದೆ. ರಫ್ತು ಮಾಡುವವರಿಗೆ ಖರ್ಚು ಹೆಚ್ಚಿ, ಆಮದು ಸರಕು ಅಗ್ಗವೆನಿಸುತ್ತದೆ. ಅರ್ಥಶಾಸ್ತ್ರಜ್ಞರು ಇದನ್ನು 'ಡಚ್ ರೋಗ' ಎನ್ನುತ್ತಾರೆ. ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್‌ನ 13 ದೇಶಗಳನ್ನು ಕುರಿತ 2004ರ ಅಧ್ಯಯನವೊಂದರಲ್ಲಿ ಅರ್ಥಶಾಸ್ತ್ರಜ್ಞರಾದ ಅಮುಯೆಡೊ-ಡೊರಾಂಟೆಸ್ ಮತ್ತು ಪೋಜೊ, ಹೊರದೇಶಗಳಿಂದ ಹಣದ ರವಾನೆ ಇಮ್ಮಡಿಯಾದರೆ ನೈಜ ದರ ಸುಮಾರು ಶೇ. 22ರಷ್ಟು ಬಲಗೊಳ್ಳುತ್ತದೆ ಎಂದು ಅಂದಾಜಿಸಿದ್ದರು.

ಆದರೂ ಈ ಹಣವನ್ನು ರೋಗವೆಂದಷ್ಟೇ ಕಾಣುವುದು ಅನ್ಯಾಯ. ರಫ್ತಿಗಿಂತ ಹಲವು ಪಟ್ಟು ಆಮದು ಮಾಡಿಕೊಳ್ಳುವ ದೇಶ ಸ್ಥಿರ ದರವನ್ನು ಉಳಿಸಿಕೊಂಡಿರುವುದು ಇದೇ ಹಣದ ಬಲದಿಂದ. ದೇಶದ ಕೇಂದ್ರ ಬ್ಯಾಂಕಾದ ನೇಪಾಳ ರಾಷ್ಟ್ರ ಬ್ಯಾಂಕ್ ತನ್ನಲ್ಲಿರುವ ಡಾಲರುಗಳನ್ನು ಮಾರಿ ಭಾರತದ ರೂಪಾಯಿ ಕೊಳ್ಳುತ್ತದೆ. ಭಾರತದಿಂದ ತರಿಸುವ ಪೆಟ್ರೋಲ್, ಅಕ್ಕಿ, ಔಷಧಿಗಳಿಗೆ ಅದರಿಂದಲೇ ಹಣ ಪಾವತಿಯಾಗುತ್ತದೆ. 'ಹುಂಡಿ' ಎಂಬ ಅನೌಪಚಾರಿಕ ದಲ್ಲಾಳಿ ಜಾಲದ ಮೂಲಕ ಬರುವ ಹಣ ಮಾತ್ರ ಬ್ಯಾಂಕಿನ ಖಜಾನೆಗೆ ಸೇರುವುದಿಲ್ಲ. ದಲ್ಲಾಳಿ ರಿಯಾಲನ್ನು ಹೊರದೇಶದಲ್ಲೇ ಇಟ್ಟುಕೊಂಡು ಊರಿನಲ್ಲಿ ರೂಪಾಯಿ ಎಣಿಸುತ್ತಾನೆ.

ಕೋವಿಡ್ ನಂತರ ಆಮದು ಜಿಗಿದು, ರವಾನೆ ಮಂದಗತಿಗಿಳಿದಾಗ ವಿದೇಶಿ ವಿನಿಮಯದ ಸಂಗ್ರಹ ಕರಗಿತು. ಸರ್ಕಾರ ದರವನ್ನು ಬದಲಿಸಲಿಲ್ಲ. 2022ರ ಏಪ್ರಿಲ್‌ನಲ್ಲಿ ಕಾರು, ಮದ್ಯ, ದುಬಾರಿ ಮೊಬೈಲ್ ಮೊದಲಾದವುಗಳ ಆಮದನ್ನೇ ನಿಷೇಧಿಸಿತು. ಆ ವರ್ಷ ಡಿಸೆಂಬರಿನಲ್ಲಿ ನಿಷೇಧ ತೆರವಾಯಿತು. 160ರ ದರ ಹಾಗೇ ಉಳಿಯಿತು.